ಚೈನ್ ಸದ್ದು ಇಟ್ಟುಕೊಂಡು ಬೀದರ್‌ಗೆ ಹೊರಡಬೇಡಿ

ಸರ್, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಿಮ್ಮ ಸ್ವಿಫ್ಟ್ ಡೀಸೆಲ್ 2-3 ಸೆಕೆಂಡ್ ಗಲಗಲ ಅನ್ನುತ್ತದೆ, ಹಾಗೇ ಕಲಬುರಗಿಯಿಂದ ಬೀದರ್‌ಗೆ ಹೋಗಬಹುದಾ, ಬರೀ ಟೈಮಿಂಗ್ ಚೈನ್ (ಎಂಜಿನ್ ಒಳಗೆ ಪಿಸ್ಟನ್, ವಾಲ್ವ್ ಎರಡೂ ಹೊಂದಿಕೊಂಡು ಓಡುವಂತೆ ಮಾಡುವ ಚೈನ್) ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಹೋಗಬೇಡಿ. ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಟೆನ್ಷನರ್ ಚೈನನ್ನು ಬಿಗಿ ಹಿಡಿಯುವುದೇ ಆಯಿಲ್ ಒತ್ತಡದಿಂದ, ಆಯಿಲ್ ಕಮ್ಮಿಯಾದರೂ ಇದೇ ಸದ್ದು ಬರುತ್ತದೆ ಅಲ್ವಾ. ಆಯಿಲ್ ಸರಿಯಿದ್ದರೆ ಚೈನ್ ಜೊತೆ ಟೆನ್ಷನರ್, ಚೈನ್ ಜಾರುವ ಗೈಡ್ ಪಟ್ಟಿ, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಎಲ್ಲಾ ಬದಲಿಸಿ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಜಾಸ್ತಿ ದಿನ ಬಾಳುವುದಿಲ್ಲ. ಹುಮನಾಬಾದ್ ಹತ್ತಿರ ಚೈನ್ ಜಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ, ಆಮೇಲೆ ಹೆಡ್ (ವಾಲ್ವ್ ಇರುವ ಎಂಜಿನ್‌ನ ಮೇಲ್ಭಾಗ) ಬಿಚ್ಚಲೇಬೇಕು.

ಜೋಡಿಸಿದ ಮೇಲೆ ಕೀಲಿ ತಿರುಗಿಸುವ ಮುಂಚೆ ಕ್ರ್ಯಾಂಕನ್ನು (ಪಿಸ್ಟನ್‌ಗಳಿಂದ ತಿರುಗುವ ಎಂಜಿನ್ ದಂಡ) ಪಾನಾದಿಂದ ಕೈಯಲ್ಲೇ 2 ಸುತ್ತು ತಿರುಗಿಸಿ, ಟೈಮಿಂಗ್ ಗುರುತು ಮತ್ತೆ ಕೂಡುತ್ತಾ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಆ ಹೊತ್ತಿಗೆ ನೀವೂ ಪಕ್ಕದಲ್ಲೇ ನಿಂತಿರಿ.