ಸದ್ದು ಕೇಳಿದ ಕೂಡಲೇ ಡಿಫರೆನ್ಷಿಯಲ್ ಬಿಚ್ಚಬೇಡಿ

ಪ್ರಶ್ನೆ: ನನ್ನದು ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್. ವೇಗ 60 ದಾಟಿದರೆ ಕೆಳಗಿನಿಂದ ಗುಂಯ್ ಅಂತ ಸದ್ದು. ಒಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸ್ ಅಂತಾರೆ, ಇನ್ನೊಬ್ಬರು ಡಿಫರೆನ್ಷಿಯಲ್ (ಎಂಜಿನ್ ಶಕ್ತಿಯನ್ನು ಎಡ-ಬಲ ಚಕ್ರಗಳಿಗೆ ಹಂಚುವ, ಆಕ್ಸಲ್ ನಡುವಿನ ಗೇರುಗಳು) ಅಂತಾರೆ. ಯಾರನ್ನು ನಂಬಲಿ?

ಇಬ್ಬರೂ ಗಾಡಿ ಓಡಿಸಿ ನೋಡಿದರಾ? ಇಲ್ಲ ಅಂತಾದರೆ ಇಬ್ಬರನ್ನೂ ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಲ್ಲರೂ ಸದ್ದು ಹೇಗಿದೆ ಅಂತ ವರ್ಣಿಸುತ್ತಾರೆ, ಯಾವಾಗ ಬದಲಾಗುತ್ತದೆ ಅಂತ ಬರೆಯುವುದೇ ಇಲ್ಲ. ನನಗೆ ಬೇಕಿರುವುದು ಅದು.

ಖಾಲಿ ರಸ್ತೆಯಲ್ಲಿ ಸದ್ದು ಬರುವ ವೇಗ ಹಿಡಿಯಿರಿ. ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ. ಎಂಜಿನ್ ಜೋರಾಗಿ ತಿರುಗಿದರೂ ಗುಂಯ್ ಹಾಗೇ ಇದೆಯಾ? ಹಾಗಾದರೆ ಎಂಜಿನ್, ಕ್ಲಚ್ ಎರಡನ್ನೂ ಮರೆತುಬಿಡಿ. ಈಗ ಆಕ್ಸಿಲರೇಟರ್ ಒತ್ತಿ, ಬಿಡಿ. ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಊಳಿಟ್ಟರೆ ಡಿಫರೆನ್ಷಿಯಲ್ ಒಳಗಿನ ಕ್ರೌನ್-ಪಿನಿಯನ್ ಗೇರುಗಳು ಅಥವಾ ಪಿನಿಯನ್ ಬೇರಿಂಗ್ ಮೇಲೆ ಅನುಮಾನ. ವ್ಯತ್ಯಾಸವೇ ಇಲ್ಲದಿದ್ದರೆ ವೀಲ್ ಬೇರಿಂಗ್, ಇಲ್ಲವೇ ಟೈರ್. ಗಾಡಿಯನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ಓಲಾಡಿಸಿ. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆ ಬೇರಿಂಗನ್ನು ಮೊದಲು ನೋಡಿ. ರಸ್ತೆ ನುಣುಪಾದಾಗ, ಒರಟಾದಾಗ ಸದ್ದೂ ಬದಲಾದರೆ ಅದು ಟೈರ್. ದಪ್ಪ ಹಲ್ಲಿನ ಮಡ್ ಟೈರ್ ಹಾಕಿಸಿ, ಆಮೇಲೆ ಸದ್ದು ಅಂತ ಡಿಫರೆನ್ಷಿಯಲ್ ಬಿಚ್ಚಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿಧಾನಕ್ಕೆ ಹೋಗುವಾಗ ಕೀಚ್ ಕೀಚ್ ಅಂದರೆ ಎಣಿಸಿ. ಡಿಫರೆನ್ಷಿಯಲ್ ಅನುಪಾತ 4.1 ಇದ್ದರೆ, ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಡಿಫರೆನ್ಷಿಯಲ್‌ಗೆ ಶಕ್ತಿ ತರುವ ಉದ್ದನೆಯ ಕೊಳವೆ) ನಾಲ್ಕು ಸುತ್ತು ಮುಗಿಸಿರುತ್ತದೆ. ಚಕ್ರದ ಸುತ್ತಿಗೊಂದು ಕೀಚ್ ಬಂದರೆ ಬ್ರೇಕ್ ಕಡೆ ಹೋಗಿ. ಅದಕ್ಕಿಂತ ಚುರುಕಾಗಿ ಬಂದರೆ ಆ ಶಾಫ್ಟಿನ ತುದಿಯ, ಗ್ರೀಸ್ ಒಣಗಿದ ಯೂನಿವರ್ಸಲ್ ಜಾಯಿಂಟ್. ಮುಂದಕ್ಕೆ ಹೋಗುವ ಗೇರಿನಿಂದ ರಿವರ್ಸ್‌ಗೆ ಹಾಕಿದಾಗ ಟಕ್ ಅಂದರೂ ಮೊದಲು ಅದನ್ನೇ ಅಲುಗಾಡಿಸಿ ನೋಡಿ.

ಶಾಫ್ಟ್ ಬಿಚ್ಚುವ ಮುಂಚೆ ಎರಡೂ ತುದಿಗೆ ಗುರುತು ಹಾಕಿ. ಚಕ್ರಗಳಿಗೆ ಅಡೆ ಕೊಡಿ. ಹಿಂದಿನ ಶಾಫ್ಟ್ ಕಳಚಿದರೆ ಗೇರ್ ಹಾಕಿದರೂ, ಪಾರ್ಕ್‌ಗೆ ಹಾಕಿದರೂ ಗಾಡಿ ಉರುಳಬಹುದು. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗುವವರಿಗೆ ನಾನು ಸಲಹೆ ಕೊಡುವುದಿಲ್ಲ.

ಪ್ರಶ್ನೆ: ಗಟ್ಟಿ ಆಯಿಲ್ ಹಾಕಿದರೆ ಡಿಫರೆನ್ಷಿಯಲ್ ಸದ್ದು ಹೋಗುತ್ತಂತೆ, ನಿಜವೇ?

ಹೋಗುವುದಿಲ್ಲ, ಸುಮ್ನೆ ಸ್ವಲ್ಪ ದಿನ ಅಡಗುತ್ತದೆ. ಡಿಫರೆನ್ಷಿಯಲ್‌ಗೆ ಮರದ ಪುಡಿ ತುಂಬಿ ಸದ್ದು ಅಡಗಿಸಿ ಗಾಡಿ ಮಾರುತ್ತಿದ್ದವರದ್ದೂ ಇದೇ ವಿದ್ಯೆ. ಬಾಟಲಿಯ ಜಾದೂ ದ್ರವಗಳೂ ಸವೆದ ಹಲ್ಲನ್ನು ಬೆಳೆಸುವುದಿಲ್ಲ. ಮ್ಯಾನುಯಲ್‌ನಲ್ಲಿ ಹೇಳಿದ ಆಯಿಲ್ ಹಾಕಿ. ಹಳೆಯದನ್ನು ಇಳಿಸುವಾಗ ಪ್ಲಗ್ಗಿನ ಅಯಸ್ಕಾಂತ ನೋಡಿ. ಮಸಿಯಂಥ ನುಣುಪು ಪುಡಿ ಇದ್ದರೆ ಚಿಂತೆ ಇಲ್ಲ. ಲೋಹದ ಚೂರು ಕಂಡರೆ ಗಾಡಿ ಅಲ್ಲೇ ನಿಲ್ಲಲಿ.

ಪ್ರಶ್ನೆ: ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದರೆ ಗಾಡಿ ಬಿಗಿದುಕೊಂಡು ಕಟಕಟ ಅನ್ನುತ್ತದೆ. ಯಾಕೆ?

ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಬೇಕು, ಅದಕ್ಕೆ ಅವಕಾಶ ಕೊಡುವುದು ಸೆಂಟರ್ ಡಿಫರೆನ್ಷಿಯಲ್. ಅದು ಇಲ್ಲದ ಗಾಡಿಯಲ್ಲಿ ಒಣ ಟಾರು ರಸ್ತೆಯ ಮೇಲೆ ಫೋರ್ ವೀಲ್ ಹಾಕಲೇಬಾರದು.

ಪ್ರಶ್ನೆ: ಗಾಡಿ ನಿಂತಿದ್ದಾಗ ಕ್ಲಚ್ ಒತ್ತಿದರೆ ಮಾತ್ರ ಸದ್ದು ಬರುತ್ತದೆ.

ಕ್ಲಚ್ ಒತ್ತಿದಾಗ ಅದನ್ನು ಬಿಡಿಸುವ ರಿಲೀಸ್ ಬೇರಿಂಗ್. ಒತ್ತಿದಾಗ ಸದ್ದು ನಿಂತಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಬೇರಿಂಗ್ ಅನ್ನುತ್ತಿದ್ದೆ.