ಓದುಗರ ಪ್ರಶ್ನೆ: ಕಾನೂನು ಇದೆ, ದುಡ್ಡು ಎಲ್ಲಿ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ನಾನು, ನನ್ನವರು ಇಬ್ಬರೂ ಕೆಲಸ ಮುಗಿಸಿ ಬರುವಾಗ ಸಂಜೆ ಆರು ದಾಟುತ್ತದೆ. ಹನ್ನೆರಡು ವರ್ಷದ ಮಗ ಶಾಲೆ ಬಿಟ್ಟ ಮೇಲೆ ಪೊಲೀಸ್ ಅಥ್ಲೆಟಿಕ್ ಲೀಗ್‌ನ, ಅಂದರೆ ಪೊಲೀಸರು ಮಕ್ಕಳಿಗಾಗಿ ನಡೆಸುವ ಆಟ-ಪಾಠದ ಸಂಘದ, ಕೇಂದ್ರಕ್ಕೆ ಹೋಗುತ್ತಾನೆ. ಬಾಸ್ಕೆಟ್‌ಬಾಲ್, ಹೋಂವರ್ಕ್ ಎರಡೂ ಅಲ್ಲೇ. ಹೋದ ವಾರ ಚೀಟಿ ಬಂತು: ಅನುದಾನ ಮುಗಿದಿದೆ, ಇನ್ನು ವಾರಕ್ಕೆ ಎರಡೇ ದಿನ. ಈ ಲೀಗ್‌ಗೆ ಹಣ ಕೊಡಲೆಂದೇ ಸರ್ಕಾರ ಕಾನೂನು ಮಾಡಿದೆ ಅಂತ ಓದಿದ್ದೆ. ಹಾಗಿದ್ದ ಮೇಲೆ ದುಡ್ಡು ಮುಗಿಯುವುದು ಹೇಗೆ?
- ಒಬ್ಬ ತಾಯಿ

ಉತ್ತರ: ಇಂಥ ಚೀಟಿಯನ್ನು ನಾನೇ ಟೈಪ್ ಮಾಡಿದ್ದೇನೆ, ಅಮ್ಮ. ನಿಮ್ಮ ಊರಿನದ್ದಲ್ಲ. ಅಮೆರಿಕದಲ್ಲಿದ್ದಾಗ ಇಂಥದೇ ಒಂದು ಕೇಂದ್ರಕ್ಕೆ ಆರು ವರ್ಷ ಲೆಕ್ಕ ಬರೆದೆ. ಸಂಬಳವಿಲ್ಲದ ಕೆಲಸ, ಆದರೆ ಬೈಗುಳ ಮಾತ್ರ ಪೂರ್ತಿ ಸಿಗುತ್ತಿತ್ತು.

ನೀವು ಓದಿದ್ದು ನಿಜ. ಆ ಕಾನೂನಿಗೆ ಅಧ್ಯಕ್ಷ ಕ್ಲಿಂಟನ್ 2000ದ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು. ಲೀಗ್‌ನ ಹಳೆಯ ಶಾಖೆಗಳಿಗೆ ಬಲ ಕೊಡಬೇಕು, ಕಷ್ಟದ ಬಡಾವಣೆಗಳಲ್ಲಿ ಹೊಸ ಶಾಖೆ ತೆರೆಯಬೇಕು ಅನ್ನುವುದು ಉದ್ದೇಶ. 2001ರಿಂದ 2005ರವರೆಗೆ ವರ್ಷಕ್ಕೆ 1 ಕೋಟಿ 60 ಲಕ್ಷ ಡಾಲರ್ ಎಂದು ಅದರಲ್ಲೇ ಬರೆದಿತ್ತು. 2006ರಲ್ಲಿ ಅಲ್ಲಿನ ಸಂಸತ್ತು ಅದನ್ನು ಮುಂದುವರಿಸಿತು.

ಆದರೆ ಆ ಅಂಕಿ ಹಣವಲ್ಲ, ಮಿತಿ. 'ಇಷ್ಟರವರೆಗೆ ಕೊಡಬಹುದು' ಎಂದು ಅರ್ಥ. ಇದಕ್ಕೆ ಅಲ್ಲಿ ಆಥರೈಸೇಶನ್ ಅನ್ನುತ್ತಾರೆ. ನಿಜವಾಗಿ ಕೊಡುವುದು ಇನ್ನೊಂದು ಮಸೂದೆಯಲ್ಲಿ, ಪ್ರತಿ ವರ್ಷ ಹೊಸದಾಗಿ. ಅದರ ಹೆಸರು ಅಪ್ರೋಪ್ರಿಯೇಶನ್. ಅಲ್ಲಿ ಕಮ್ಮಿ ಬರೆಯಬಹುದು, ಬರೆಯದೇ ಇರಲೂಬಹುದು. ಊಟಕ್ಕೆ ಕರೆದಿದ್ದಾರೆ, ಎಲೆ ಹಾಕಿಲ್ಲ, ಹಾಗೆ. ಅವರ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ ಎಲ್ಲ ಮಸೂದೆಗಳೂ ಪಾಸಾಗುವುದು ಅಪರೂಪ. ಮಕ್ಕಳ ಶಾಲೆ ಮಾತ್ರ ಅದಕ್ಕೂ ಮುಂಚೆಯೇ ತೆರೆದಿರುತ್ತದೆ.

ಸಿಕ್ಕಿದ ಮೇಲಾದರೂ ಸುಖ ಉಂಟಾ? ಬಹಳಷ್ಟು ಅನುದಾನಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ಆಮೇಲೆ ಬಿಲ್ಲು ಕಳಿಸಿ ವಾಪಸ್ ಪಡೆಯಬೇಕು. ಒಮ್ಮೆ ಮೂರು ತಿಂಗಳು ನಮ್ಮ ಬಿಲ್ಲು ಕೂತುಬಿಟ್ಟಿತು. ವ್ಯಾನಿನ ಚಾಲಕನಿಗೆ ನಾಲ್ವರು ಸೇರಿ ಕೈಯಿಂದ ಕೊಟ್ಟೆವು. ಇನ್ನೊಂದು ವರ್ಷ ಸಾಮಾನಿಗೆ ಅಂತಲೇ ಹಣ ಬಂತು. ಇಪ್ಪತ್ತು ಜೊತೆ ಬಾಕ್ಸಿಂಗ್ ಗ್ಲೌಸ್ ತಂದೆವು. ಶನಿವಾರ ಬಾಗಿಲು ತೆರೆಯುವವರಿಗೆ ಕೊಡಲು ಕಾಸಿಲ್ಲ! ಗ್ಲೌಸ್‌ಗಳು ಪೆಟ್ಟಿಗೆಯಲ್ಲೇ ಇದ್ದವು. ಸಾಮಾನು ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ವಾ? ಸಂಬಳ ಕಾಣುವುದಿಲ್ಲ. ಮೂರು ವರ್ಷ ಸಂಬಳ ಕೊಟ್ಟು ನಾಲ್ಕನೇ ವರ್ಷ ಕೈಬಿಡುವ ಅನುದಾನದ ಮೇಲಂತೂ ನನಗೆ ಇನ್ನೂ ಸಿಟ್ಟಿದೆ. ಹುಡುಗರು ಒಬ್ಬ ಕೋಚ್‌ಗೆ ಒಗ್ಗಿಕೊಳ್ಳುವ ಹೊತ್ತಿಗೆ ಆತ ಇರುವುದಿಲ್ಲ.

ನೀವು ಮಾಡಬಹುದಾದ ಒಂದು ಕೆಲಸ ಇದೆ. ನಗರದ ಬಜೆಟ್ ಪಾಸಾಗುವ ಮೊದಲು ಸಾರ್ವಜನಿಕ ಅಹವಾಲು ಇರುತ್ತದೆ. ಹೋಗಿ. 'ಕೇಂದ್ರ ಉಳಿಸಿ' ಎಂದಷ್ಟೇ ಹೇಳಿ ಬರಬೇಡಿ, ಅದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಹೊರಗಿನ ಅನುದಾನ ಬಂದ ವರ್ಷ ನಗರ ತನ್ನ ಪಾಲು ಎಷ್ಟು ಕೊಟ್ಟಿತ್ತು, ಅದರ ಹಿಂದಿನ ವರ್ಷ ಎಷ್ಟು, ಅಂತ ಕೇಳಿ. ನಾನಿದ್ದ ಊರಿನಲ್ಲಿ ಆ ಹಣ ಬಂತೆಂದು ನಗರ ತನ್ನ ಪಾಲನ್ನು ಸದ್ದಿಲ್ಲದೆ ಇಳಿಸಿತ್ತು. ಹಾಗೆ ಮಾಡುವಂತಿಲ್ಲ. ಬರುವ ಹಣ ಇರುವುದರ ಜೊತೆಗೆ ಸೇರಬೇಕು, ಅದರ ಜಾಗಕ್ಕೆ ಬರಬಾರದು ಎನ್ನುವುದು ಇಂಥ ಅನುದಾನಗಳ ಸಾಮಾನ್ಯ ಷರತ್ತು. ಒಬ್ಬ ಅಜ್ಜಿ ಎರಡು ವರ್ಷದ ಬಜೆಟ್ ಹಾಳೆ ಹಿಡಿದು ಈ ಪ್ರಶ್ನೆ ಕೇಳಿದರು. ಸಭೆ ಸ್ವಲ್ಪ ಹೊತ್ತು ಗಪ್‌ಚುಪ್. ಮುಂದಿನ ವರ್ಷ ಪಾಲು ಪೂರ್ತಿ ಅಲ್ಲದಿದ್ದರೂ ಅರ್ಧ ವಾಪಸ್ ಬಂತು.

ಪ್ರಶ್ನೆ: ಕಳ್ಳರನ್ನು ಹಿಡಿಯುವವರಿಗೆ ಮಕ್ಕಳ ಆಟದ ಉಸಾಬರಿ ಯಾಕೆ? ಆ ದುಡ್ಡನ್ನು ಶಾಲೆಗೇ ಕೊಡಬಾರದೆ?
- ನಿವೃತ್ತ ಮೇಷ್ಟ್ರು

ಉತ್ತರ: ಶಾಲೆಗಳ ಕಡೆಗೂ ಕೊಡುತ್ತಾರೆ ಮೇಷ್ಟ್ರೇ, ಅದೂ ಎಷ್ಟೋ ಪಾಲು ಜಾಸ್ತಿ. ಶಾಲೆ ಬಿಟ್ಟ ಮೇಲಿನ ಕಲಿಕೆಗೆ ಅಮೆರಿಕದ ಶಿಕ್ಷಣ ಇಲಾಖೆಯ ಒಂದು ಯೋಜನೆ ಇದೆ. ವರ್ಷಕ್ಕೆ ಸುಮಾರು 130 ಕೋಟಿ ಡಾಲರ್. ಹಿಂದಿನ ಉತ್ತರದ 1 ಕೋಟಿ 60 ಲಕ್ಷದ ಪಕ್ಕದಲ್ಲಿ ಇಟ್ಟು ನೋಡಿ.

ಪೊಲೀಸರು ಇದಕ್ಕೆ ಕೈ ಹಾಕಿದ್ದು ಇವತ್ತು ನಿನ್ನೆ ಅಲ್ಲ. 1914ರಲ್ಲಿ ನ್ಯೂಯಾರ್ಕ್‌ನ ಪೊಲೀಸ್ ಕಮಿಷನರ್ ಆರ್ಥರ್ ವುಡ್ಸ್, ಆಡಲು ಜಾಗವಿಲ್ಲದ ಬೀದಿಗಳಲ್ಲಿ ಗಾಡಿ ತಡೆದು ಮಕ್ಕಳಿಗೆ ಬಿಟ್ಟುಕೊಟ್ಟರು. ಬೀದಿ ಮುಚ್ಚುವ ಅಧಿಕಾರ ಮೇಷ್ಟ್ರಿಗೆ ಇರಲಿಲ್ಲವಲ್ಲ!

ಆದರೆ ನಿಮ್ಮ ಅನುಮಾನದಲ್ಲಿ ಹುರುಳಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಡೇರ್' ಎಂಬ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಮಾದಕ ವಸ್ತು ಬೇಡ ಎಂದು ಪಾಠ ಮಾಡುವುದು. ದೇಶವೆಲ್ಲ ಹಬ್ಬಿತು, ಸರ್ಕಾರದ ಹಣವೂ ಧಾರಾಳವಾಗಿ ಹರಿಯಿತು. 2001ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಹಿರಿಯ ಆರೋಗ್ಯಾಧಿಕಾರಿಯ, ವರದಿ ಅದನ್ನು ಫಲ ಕೊಡದ ಕಾರ್ಯಕ್ರಮಗಳ ಪಟ್ಟಿಗೆ ಹಾಕಿತು. ಆಮೇಲೆ ಅವರು ಪಾಠವನ್ನೇ ಬದಲಿಸಿದರು.

ಉಪದೇಶಕ್ಕೆ ಹಣ ಬೇಡ ಎನ್ನುವವನು ನಾನು. ಜಾಗಕ್ಕೆ, ಹೊತ್ತಿಗೆ, ಅಲ್ಲಿ ಇರುವ ಮನುಷ್ಯನಿಗೆ ಕೊಡಲಿ. ಶಾಲೆ ಇರುವ ದಿನಗಳಲ್ಲಿ ಹುಡುಗರ ಹೊಡೆದಾಟ ಜಾಸ್ತಿಯಾಗುವುದು ಶಾಲೆ ಬಿಟ್ಟ ಕೂಡಲೇ, ಮಧ್ಯಾಹ್ನ ಮೂರು ನಾಲ್ಕರ ಸುಮಾರಿಗೆ. ಆ ಹೊತ್ತಿನಲ್ಲಿ ಬಾಗಿಲು ತೆರೆದಿದ್ದರೆ ಅರ್ಧ ಕೆಲಸ ಆಯಿತು. ನಮ್ಮ ಕೇಂದ್ರದ ಅಧಿಕಾರಿ ಸಮವಸ್ತ್ರ ಕಳಚಿ, ಟೀ ಶರ್ಟ್ ಹಾಕಿಕೊಂಡು ಬರುತ್ತಿದ್ದರು. ಭಿನ್ನರಾಶಿ ಅವರಿಗೂ ಬರುತ್ತಿರಲಿಲ್ಲ. ಹುಡುಗರ ಜೊತೆ ಕೂತು ತಾವೂ ತಪ್ಪು ಮಾಡುತ್ತಿದ್ದರು.

ಒಂದು ಷರತ್ತು ಮಾತ್ರ ನಾನು ಬಿಡುವುದಿಲ್ಲ. ಆಟದ ನೆಪದಲ್ಲಿ ಹುಡುಗರ ಬಾಯಿಂದ ಅಣ್ಣನ ಸುದ್ದಿ, ಓಣಿಯ ಸುದ್ದಿ ಕೀಳುವ ಜಾಗ ಅದಾಗಬಾರದು. ನಮ್ಮಲ್ಲಿ ಹೊಸಬರೊಬ್ಬರು ಒಂದು ಸಲ ಹಾಗೆ ಕೇಳಿದ್ದರು. ಮರುದಿನದಿಂದ ಐದು ಹುಡುಗರು ಬರಲಿಲ್ಲ. ಅವರಲ್ಲಿ ಇಬ್ಬರು ಆಮೇಲೂ ಬರಲೇ ಇಲ್ಲ.