ಬೆರಳು ಅಂಗೈಗೆ ಮಡಚಿಕೊಂಡಿದೆ, ಆಪರೇಷನ್ ಮಾಡಿಸಬೇಕಾ?

ನೀವು ಕೇಳಿದ್ದು ಇಷ್ಟು. ತಂದೆಗೆ 64 ವರ್ಷ, ಬದಿಯಡ್ಕದ ಕಡೆ ಅಡಿಕೆ ತೋಟ. ಬಲಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ಮಡಚಿಕೊಂಡಿವೆ. ನೋವಿಲ್ಲ, ಆದರೆ ಬಿಡಿಸಲು ಆಗುವುದಿಲ್ಲ. ತಿಂಗಳುಗಟ್ಟಲೆ ತೈಲ ತಿಕ್ಕಿದ್ದೂ ಆಯಿತು. ಮಂಗಳೂರಿನ ಡಾಕ್ಟರು ಅಂಗೈಯಲ್ಲಿ ಹುರಿ ಮುಟ್ಟಿ ತೋರಿಸಿ ಡುಪ್ಯುಟ್ರೆನ್ ಕಾಂಟ್ರಾಕ್ಚರ್ (ಅಂಗೈ ಚರ್ಮದ ಕೆಳಗಿನ ಪದರ ಕುಗ್ಗಿ ಬೆರಳನ್ನು ಎಳೆಯುವ ತೊಂದರೆ) ಅಂದರು, ಆಪರೇಷನ್ ಅಂದರು. ಬೇಕಾ? ಮಾಡಿಸಿದರೆ ಮತ್ತೆ ಬರುತ್ತದಾ?

ನಾನು ಫಿಸಿಯೋಥೆರಪಿಸ್ಟ್, ಕಾಸರಗೋಡಿನವನೇ. ಕತ್ತಿ ಹಿಡಿಯುವವನಲ್ಲ, ಕತ್ತಿ ಆಡಿದ ಮೇಲೆ ಬೆರಳು ಬಿಡಿಸುವವನು. ಹಾಗಾಗಿ ನನ್ನ ಉತ್ತರ ಸ್ವಲ್ಪ ಆ ಕಡೆಗೇ ವಾಲಬಹುದು.

ಮೊದಲು ಒಂದು ಕೆಲಸ ಮಾಡಿ. ತಂದೆಯವರ ಕೈಯನ್ನು ಊಟದ ಮೇಜಿನ ಮೇಲೆ ಅಂಗೈ ಕೆಳಗಾಗಿ ಇಡಿಸಿ. ಕೈ ಚಪ್ಪಟೆಯಾಗಿ ಕೂರುತ್ತದಾ, ಇಲ್ಲ ಅಡಿಯಲ್ಲಿ ಸಂದು ಬಿಡುತ್ತದಾ ನೋಡಿ. ಚಪ್ಪಟೆಯಾಗಿ ಕೂತರೆ ಸದ್ಯಕ್ಕೆ ಆಪರೇಷನ್ ಸುದ್ದಿಯೇ ಬೇಡ. ಅಂಗೈಯಲ್ಲಿ ಬರೀ ಗಡ್ಡೆ ಕಂಡಿದೆ ಅಂತ ಯಾರೂ ಕೊಯ್ಯಬಾರದು. ಸಂದು ಬಿಟ್ಟರೆ ಮುಂದಿನ ಪ್ರಶ್ನೆ: ಮಡಚಿರುವುದು ಬೆರಳಿನ ಯಾವ ಗಂಟು, ಅಂದರೆ ಯಾವ ಕೀಲು? ಅಂಗೈಗೆ ಬೆರಳು ಸೇರುವ ಬುಡದ ಗಂಟಾ, ಅಥವಾ ಬೆರಳಿನ ನಡುಗಂಟಾ?

ಎಲ್ಲ ನಿಂತಿರುವುದು ಇದರ ಮೇಲೆ. ಬುಡದ ಗಂಟು ವರ್ಷಗಟ್ಟಲೆ ಮಡಚಿಕೊಂಡಿದ್ದರೂ ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಚೆನ್ನಾಗಿಯೇ ನೆಟ್ಟಗಾಗುತ್ತದೆ. ಮಡಚಿದಾಗ ಅದರ ಪಕ್ಕದ ಕಟ್ಟುಗಳು (ಲಿಗಮೆಂಟ್) ಬಿಗಿಯಾಗಿ ಚಾಚಿಕೊಂಡೇ ಇರುತ್ತವೆ, ಕುಗ್ಗುವುದಿಲ್ಲ. ನಡುಗಂಟು ಹಾಗಲ್ಲ. ಅದು ಮಡಚಿಕೊಂಡೇ ಇದ್ದರೆ ಗಂಟಿನ ಕಟ್ಟುಗಳೇ ಕುಗ್ಗಿ ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ದೊಡ್ಡ ಸರ್ಜನ್ ಆದರೂ ಪೂರ್ತಿ ನೆಟ್ಟಗೆ ಮಾಡುವುದು ಕಷ್ಟ. ಬುಡದ ಗಂಟು 30 ಡಿಗ್ರಿ ದಾಟಿದರೆ ಆಪರೇಷನ್ ಯೋಚಿಸಬಹುದು ಅನ್ನುವುದು ಹಳೆಯ ಲೆಕ್ಕ. ಅಲ್ಲಿ ಸಮಯವನ್ನು ನೀವು ಆರಿಸಬಹುದು. ಅಡಿಕೆ ಕೊಯ್ಲು ಮುಗಿಯಲಿ ಅಂತ ಕಾದರೂ ನಷ್ಟವಿಲ್ಲ. ನಡುಗಂಟು ಬಾಗಿ ದಿನೇ ದಿನೇ ಜಾಸ್ತಿ ಆಗುತ್ತಿದ್ದರೆ ಕಾಯಬೇಡಿ.

ಡಿಗ್ರಿಗಿಂತ ನಾನು ಹೆಚ್ಚು ನಂಬುವುದು ದಿನದ ಕೆಲಸವನ್ನು. ಮುಖ ತೊಳೆಯುವಾಗ ಉಂಗುರ ಬೆರಳು ಕಣ್ಣಿಗೆ ಚುಚ್ಚುತ್ತದಾ? ಕಿಸೆಗೆ ಕೈ ಹಾಕಿದರೆ ಸಿಕ್ಕಿಕೊಳ್ಳುತ್ತದಾ? ಅನ್ನ ಕಲಸುವಾಗ ಕಿರುಬೆರಳಿನ ಅಡಿಯಲ್ಲಿ ಅಗಳು ಕೂತು ತೆಗೆಯಲು ಬರುವುದಿಲ್ಲವಾ? ಒಬ್ಬ ಕೃಷಿಕರು ನನ್ನಲ್ಲಿಗೆ ಬಂದಾಗ ಮಡಚಿದ ಕಿರುಬೆರಳಿನ ಕೆಳಗೆ ಚರ್ಮ ಬೆಳ್ಳಗೆ ನೆನೆದು, ವಾಸನೆ ಬರುತ್ತಿತ್ತು. ಆ ಸಂದಿಗೆ ಸೋಪು ಹೋಗುತ್ತಿರಲಿಲ್ಲ. ಅಂಥವರಿಗೆ ಡಿಗ್ರಿ ಅಳೆದು ತೀರ್ಮಾನ ಹೇಳಬೇಕಾಗಿಲ್ಲ.

ಎಣ್ಣೆ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಎಳೆದುಕೊಂಡಿರುವುದು ನರವೂ ಅಲ್ಲ, ಬೆರಳು ಆಡಿಸುವ ಸ್ನಾಯುರಜ್ಜುವೂ ಅಲ್ಲ. ಅಂಗೈ ಚರ್ಮದ ಕೆಳಗೆ ಒಂದು ಗಟ್ಟಿ ಪದರ ಇದೆ. ಅದು ದಪ್ಪವಾಗಿ, ಹುರಿಯಾಗಿ, ಕುಗ್ಗುತ್ತಾ ಬೆರಳನ್ನು ಎಳೆಯುತ್ತದೆ. ತಿಕ್ಕಿದರೆ ಕರಗುವ ವಸ್ತುವಲ್ಲ ಅದು. ಪ್ಯಾರಿಸ್ಸಿನ ಸರ್ಜನ್ ಡುಪ್ಯುಟ್ರೆನ್ 1831ರಲ್ಲಿ ಇದನ್ನು ಕತ್ತರಿಸಿ ತೋರಿಸಿದ್ದರಿಂದ ಅವರ ಹೆಸರು ಉಳಿಯಿತು. ಉತ್ತರ ಯುರೋಪಿನವರಲ್ಲಿ ಜಾಸ್ತಿ, ನಮ್ಮಲ್ಲಿ ಕಡಿಮೆ. ಮನೆತನದಲ್ಲಿ ಬರುವುದುಂಟು. ಸಕ್ಕರೆ ಕಾಯಿಲೆ, ಸಿಗರೇಟು, ಕುಡಿತದ ಜೊತೆಗೂ ಕಾಣಿಸಿಕೊಳ್ಳುತ್ತದೆ. ಶುಗರ್ ಪರೀಕ್ಷೆ ಮಾಡಿಸದಿದ್ದರೆ ಮಾಡಿಸಿ.

ನಮ್ಮಲ್ಲಿ ಕಡಿಮೆ ಅನ್ನುವ ಕಾರಣಕ್ಕೇ ಒಂದು ಮಾತು. ಬೆಳಿಗ್ಗೆ ಬೆರಳು ಸಿಕ್ಕಿಕೊಂಡು, ಎಳೆದರೆ ಟಕ್ ಅಂತ ಬಿಟ್ಟುಕೊಳ್ಳುವುದಾದರೆ ಅದು ಟ್ರಿಗರ್ ಫಿಂಗರ್, ಅದರ ದಾರಿಯೇ ಬೇರೆ. ಬೆರಳಲ್ಲಿ ಸ್ಪರ್ಶ ಗೊತ್ತಾಗದೆ ಬಾಗಿದ್ದರೆ ನರದ ತೊಂದರೆ. ಕುಷ್ಠವೂ ಇರಬಹುದು, ನಾಚಿಕೊಳ್ಳದೆ ತೋರಿಸಬೇಕು. ಸುಟ್ಟ ಗಾಯ ಒಣಗಿ ಎಳೆದುಕೊಂಡದ್ದಕ್ಕೆ ಸಾಮಾನ್ಯವಾಗಿ ಬಿಡಿಸಿ ಚರ್ಮ ಕಸಿ ಮಾಡಬೇಕಾಗುತ್ತದೆ. ನಿಮ್ಮ ಡಾಕ್ಟರು ಅಂಗೈಯಲ್ಲಿ ಹುರಿ ಮುಟ್ಟಿ ತೋರಿಸಿದ್ದಾರೆ ಅಂದಿದ್ದೀರಿ, ಹಾಗಾಗಿ ಆ ಸಂಶಯ ಇಲ್ಲಿಗೆ ಬಿಡೋಣ.

ಈಗ ಆಪರೇಷನ್. ಮುಖ್ಯವಾಗಿ ಎರಡು ದಾರಿ. ಒಂದು, ಅಷ್ಟಕ್ಕೆ ಮಾತ್ರ ಮರಗಟ್ಟಿಸಿ ಸೂಜಿಯ ತುದಿಯಿಂದ ಹುರಿಯನ್ನು ಅಲ್ಲಲ್ಲಿ ಕಡಿದು ಬೆರಳು ಬಿಡಿಸುವುದು. ಅದೇ ದಿನ ಮನೆಗೆ ಬರಬಹುದು, ಕೈ ಬೇಗ ಕೆಲಸಕ್ಕೆ ಬರುತ್ತದೆ. ಇನ್ನೊಂದು, ಅಂಗೈ ಬಿಡಿಸಿ ಹುರಿಯನ್ನೇ ತೆಗೆಯುವುದು. ಸಾಮಾನ್ಯವಾಗಿ ತೋಳು ಮರಗಟ್ಟಿಸಿ, ರಕ್ತ ಹರಿಯದಂತೆ ಪಟ್ಟಿ ಬಿಗಿದು ಮಾಡುತ್ತಾರೆ. ಚರ್ಮ ಸಾಲದಿದ್ದರೆ ಅಂಕುಡೊಂಕಾಗಿ ಕೊಯ್ದು ಉದ್ದ ಮಾಡುತ್ತಾರೆ, ಇಲ್ಲವೇ ಕಸಿ ಹಾಕುತ್ತಾರೆ. ಕೆಲವೊಮ್ಮೆ ಅಂಗೈ ಗಾಯವನ್ನು ಹೊಲಿಯದೆ ಬಿಡುವುದೂ ಉಂಟು. ನೋಡಿದವರು ಗಾಬರಿಯಾಗುತ್ತಾರೆ, ಆದರೆ ಅದು ವಾರಗಳಲ್ಲಿ ತಾನೇ ಮುಚ್ಚುತ್ತದೆ.

ಮತ್ತೆ ಬರುತ್ತದಾ ಅಂದಿರಿ. ಬರಬಹುದು. ಹುರಿ ತೆಗೆಯಬಹುದು, ಹುರಿ ಕಟ್ಟುವ ಗುಣ ತೆಗೆಯಲಾಗದು. 2012ರಲ್ಲಿ ಬಂದ ಒಂದು ಡಚ್ ಅಧ್ಯಯನದಲ್ಲಿ 5 ವರ್ಷಕ್ಕೆ ಸೂಜಿ ಚಿಕಿತ್ಸೆಯವರಲ್ಲಿ ಸುಮಾರು 85%, ಹುರಿ ತೆಗೆಸಿದವರಲ್ಲಿ ಸುಮಾರು 21% ಮಂದಿಗೆ ಮರುಕಳಿಸಿತ್ತು. ಹಾಗಂತ ಸೂಜಿ ದಂಡ ಅಲ್ಲ. ವಯಸ್ಸಾಗಿ ಹೃದಯದ ತೊಂದರೆ ಇದ್ದವರಿಗೆ ಅದೇ ಸರಿ, ಬೇಕಾದರೆ ಇನ್ನೊಮ್ಮೆ ಮಾಡಿಸಬಹುದು. ಹುರಿ ಕರಗಿಸುವ ಕೊಲಾಜಿನೇಸ್ ಇಂಜೆಕ್ಷನ್ ಬಗ್ಗೆಯೂ ಓದಿರುತ್ತೀರಿ. ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು, ಯುರೋಪಿನಲ್ಲಿ ಆಮೇಲೆ ಮಾರಾಟ ನಿಂತಿತು. ಸುಮ್ನೆ ಅದರ ಹಿಂದೆ ಓಡಬೇಡಿ.

ಅಪಾಯ ಯಾವುದು ಅಂದರೆ ಬೆರಳಿನ ಸ್ಪರ್ಶದ ನರ. ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಸುತ್ತಿದ ಹಾಗೆ ಅದು ಕೆಲವೊಮ್ಮೆ ಹುರಿಗೆ ಸುತ್ತಿಕೊಂಡಿರುತ್ತದೆ. ಹುರಿ ತೆಗೆಯುವಾಗ ಅದಕ್ಕೆ ಪೆಟ್ಟಾಗದಂತೆ ನೋಡಬೇಕು. ಹಾಗಾಗಿ ಕೈ ಆಪರೇಷನ್ ನಿತ್ಯ ಮಾಡುವ ಹ್ಯಾಂಡ್ ಸರ್ಜನ್ ಅಥವಾ ಪ್ಲಾಸ್ಟಿಕ್ ಸರ್ಜನ್ ಹತ್ತಿರವೇ ಹೋಗಿ. ಈ ಆಪರೇಷನ್ ಎಷ್ಟು ಮಾಡಿದ್ದೀರಿ ಅಂತ ನೇರವಾಗಿ ಕೇಳಿ. ಕೇಳಿದರೆ ತಪ್ಪಿಲ್ಲ ಅಲ್ವಾ?

ಆಮೇಲಿನ ಕಥೆ ನನ್ನದು. ಮೊದಲ ದಿನಗಳಲ್ಲಿ ಕೈಯನ್ನು ಎದೆಗಿಂತ ಮೇಲೆ ಇಡಬೇಕು, ಬಾವು ಇಳಿಯಲು. ಹೊಲಿಗೆ ಬಿಚ್ಚುವುದು ಸುಮಾರು 10ರಿಂದ 14 ದಿನಕ್ಕೆ. ಆದರೆ ವ್ಯಾಯಾಮ ಅಷ್ಟರ ತನಕ ಕಾಯುವುದಿಲ್ಲ, ಡಾಕ್ಟರು ಹೇಳಿದ ದಿನದಿಂದಲೇ ಶುರು. ಎಲ್ಲರೂ ಬೆರಳು ನೆಟ್ಟಗಾಯಿತಾ ಅಂತಲೇ ನೋಡುತ್ತಾರೆ, ಮುಷ್ಟಿ ಬರುತ್ತದಾ ಅಂತ ನೋಡುವುದಿಲ್ಲ. ನೆಟ್ಟಗಿದ್ದು ಮಡಚದ ಬೆರಳು ಮೆಟ್ಟುಕತ್ತಿಯಲ್ಲಿ ಅಡಿಕೆ ಸುಲಿಯುವವರಿಗೆ ಇನ್ನೂ ತೊಂದರೆ. ರಾತ್ರಿ ಬೆರಳನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್ ಎಲ್ಲರಿಗೂ ಬೇಕಾಗಿಲ್ಲ. ಬೆರಳು ಮತ್ತೆ ಬಾಗಲು ಶುರುವಾದವರಿಗೆ ಹಾಕಿಸುತ್ತೇವೆ, ಅದು ಕೆಲವು ತಿಂಗಳ ಮಾತು. ಗುದ್ದಲಿ ಹಿಡಿಯಲು 6 ವಾರವಾದರೂ ಬಿಡಿ, ಕೆಲವರಿಗೆ ಇನ್ನೂ ಜಾಸ್ತಿ.

ಗಡಿಯಾಚೆ ಹೋಗುವ ನಮಗೆ ಇನ್ನೊಂದು ತಲೆಬಿಸಿ. ಕೇರಳ ಸರಕಾರದ ಚಿಕಿತ್ಸಾ ನೆರವಿನ ಕಾರುಣ್ಯ ಕಾರ್ಡನ್ನು ಆ ಆಸ್ಪತ್ರೆ ತೆಗೆದುಕೊಳ್ಳುತ್ತದಾ ಅಂತ ದಾಖಲಾಗುವ ಮೊದಲೇ ಕೇಳಿ. ಆಪರೇಷನ್ ಮಂಗಳೂರಿನಲ್ಲಾದರೂ ಫಿಸಿಯೋಥೆರಪಿ ಮನೆ ಹತ್ತಿರ ಮಾಡಿಸಿ. ಪ್ರತಿ ಸಲ ತಲಪಾಡಿ ಗಡಿ ದಾಟಬೇಕು ಅಂದರೆ ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ಗಂಟು ಎಷ್ಟು ಡಿಗ್ರಿ ಬಿಟ್ಟುಕೊಂಡಿತು ಅಂತ ಬರೆಸಿಕೊಂಡು ಬನ್ನಿ, ಇಲ್ಲಿ ನೋಡುವವರಿಗೆ ಅದೇ ಬೇಕು. ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.